ಮುಖದ ಶಾಕ್ ನೋವಿಗೆ ಫಿಟ್ಸಿನ ಗುಳಿಗೆ: ನಿಜವಾಗಿ ಗುಣ ಕೊಡುತ್ತದೆಯೇ?

ಓದುಗರ ಪ್ರಶ್ನೆ, ವೈದ್ಯರ ಉತ್ತರ

ಪ್ರಶ್ನೆ: ಮಾನ್ಯ ಡಾಕ್ಟರರೇ, ನನ್ನ ಅಮ್ಮನಿಗೆ 62 ವರ್ಷ. ಕಳೆದ ಮಳೆಗಾಲದಿಂದ ಅವರ ಬಲಗೆನ್ನೆಯಲ್ಲಿ, ಮೂಗಿನ ಪಕ್ಕದಿಂದ ಮೇಲ್ದವಡೆಯ ವರೆಗೆ, ಕರೆಂಟು ಹೊಡೆದ ಹಾಗೆ ನೋವು ಬರುತ್ತಿದೆ. ಕೆಲವೇ ಸೆಕೆಂಡುಗಳ ನೋವಾದರೂ ಅಷ್ಟರಲ್ಲಿ ಅಮ್ಮ ಮಾತು ನಿಲ್ಲಿಸಿ ಕಣ್ಣು ಮುಚ್ಚಿ ಕುಳಿತುಬಿಡುತ್ತಾರೆ. ಹಲ್ಲುಜ್ಜುವಾಗ, ಮುಖ ತೊಳೆಯುವಾಗ, ಬೆಳಗ್ಗೆ ತುಳಸಿಕಟ್ಟೆಗೆ ನೀರೆರೆಯಲು ಅಂಗಳಕ್ಕೆ ಇಳಿದು ತಣ್ಣನೆಯ ಗಾಳಿ ತಾಗಿದಾಗ ನೋವು ಹೆಚ್ಚು. ಜಗಿಯಲಾರದೆ ಈಗ ಬರೀ ಗಂಜಿಯಲ್ಲಿ ದಿನ ಕಳೆಯುತ್ತಾರೆ. ಹಲ್ಲಿನ ನೋವೆಂದು ತಿಳಿದು ಎರಡು ದವಡೆ ಹಲ್ಲುಗಳನ್ನು ಕೀಳಿಸಿಯೂ ಆಯಿತು. ಕೊನೆಗೆ ಮಂಗಳೂರಿನ ನರರೋಗ ತಜ್ಞರೊಬ್ಬರು ಎಂಆರ್‌ಐ ಮಾಡಿಸಿ, ಕಾರ್ಬಮಝೆಪಿನ್ 100 ಮಿಲಿಗ್ರಾಂ ಗುಳಿಗೆಯನ್ನು ದಿನಕ್ಕೆ ಎರಡು ಬಾರಿ ಬರೆದುಕೊಟ್ಟರು. ಕೆಲವೇ ದಿನಗಳಲ್ಲಿ ನೋವು ಮಾಯವಾಯಿತು. ಅಷ್ಟರಲ್ಲಿ ನಮ್ಮ ಚಿಕ್ಕಮ್ಮ ಬಂದವರು ಚೀಟಿ ನೋಡಿ, ‘ಇದು ಫಿಟ್ಸಿನವರಿಗೆ ಕೊಡುವ ಗುಳಿಗೆಯಲ್ಲವೇ’ ಎಂದುದರಿಂದ ಅಮ್ಮ ಹೆದರಿ ನಿಲ್ಲಿಸಿದರು, ನೋವು ಮರಳಿತು. ಮತ್ತೆ ಆರಂಭಿಸಿದಾಗ ಮೊದಲು ಚೆನ್ನಾಗಿಯೇ ಇತ್ತು. ಈಗ ನಾಲ್ಕನೆಯ ವಾರ; ತಪ್ಪದೆ ನುಂಗುತ್ತಿದ್ದರೂ ನೋವು ಪುನಃ ಇಣುಕುತ್ತಿದೆ. ಜೊತೆಗೆ ತಲೆ ತಿರುಗುವುದೂ ಇದೆ. ಅವರಿಗೆ ಬಿಪಿ ಇದ್ದು, ಮೂತ್ರ ಹೆಚ್ಚಿಸುವ ಔಷಧ ಸೇರಿದ ಗುಳಿಗೆಯನ್ನು ವರ್ಷಗಳಿಂದ ತೆಗೆದುಕೊಳ್ಳುತ್ತಾರೆ. ಫಿಟ್ಸಿನ ಗುಳಿಗೆ ಮುಖದ ನೋವಿಗೆ ನಿಜವಾಗಿ ಪರಿಣಾಮಕಾರಿಯೇ? ಹೌದಾದರೆ ಇಷ್ಟು ಬೇಗ ಸೋತದ್ದು ಏಕೆ?
(ಹೆಸರು ಬೇಡ, ಪೆರ್ಲ, ಕಾಸರಗೋಡು ಜಿಲ್ಲೆ)

ಉತ್ತರ: ನಿಮ್ಮ ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಗುಳಿಗೆ ಸೋತಿಲ್ಲ. ಕಾರ್ಬಮಝೆಪಿನ್‌ಗೆ ಒಂದು ವಿಚಿತ್ರ ಸ್ವಭಾವವಿದೆ: ತನ್ನನ್ನು ಕರಗಿಸಿ ಹೊರಹಾಕುವ ಯಕೃತ್ತಿನ ಕಿಣ್ವಗಳನ್ನು ಅದು ತಾನೇ ಚುರುಕುಗೊಳಿಸುತ್ತದೆ. ಮೊದಲ ದಿನಗಳಲ್ಲಿ ಒಂದು ಗುಳಿಗೆಯ ಅರ್ಧಾಂಶ ರಕ್ತದಿಂದ ಕರಗಿಹೋಗಲು 25ರಿಂದ 65 ಗಂಟೆ ಬೇಕಾದರೆ, ಮೂರರಿಂದ ಐದು ವಾರಗಳ ಸತತ ಸೇವನೆಯ ಅನಂತರ ಅದಕ್ಕೆ 12ರಿಂದ 17 ಗಂಟೆ ಸಾಕಾಗುತ್ತದೆ. ಅಂದರೆ ನಿಮ್ಮ ಅಮ್ಮ ನುಂಗುವ ಪ್ರಮಾಣ ಬದಲಾಗದಿದ್ದರೂ ರಕ್ತದಲ್ಲಿ ಉಳಿಯುವ ಪ್ರಮಾಣ ಮೊದಲಿನಷ್ಟಿಲ್ಲ. ನಾಲ್ಕನೆಯ ವಾರದಲ್ಲಿ ನೋವು ಇಣುಕಿದ್ದು ಈ ಲೆಕ್ಕಕ್ಕೆ ಸರಿಯಾಗಿ ಹೊಂದುತ್ತದೆ. ದಿನಕ್ಕೆ 200 ಮಿಲಿಗ್ರಾಂ ಎಂಬುದು ಆರಂಭದ ಮೆಟ್ಟಿಲು ಮಾತ್ರ. ಅಲ್ಲಿಂದ ಕೆಲವು ದಿನಗಳಿಗೊಮ್ಮೆ ಸ್ವಲ್ಪ ಸ್ವಲ್ಪವೇ ಏರಿಸುತ್ತ ಹೋದಾಗ ಹೆಚ್ಚಿನವರಿಗೆ ದಿನಕ್ಕೆ 400ರಿಂದ 800 ಮಿಲಿಗ್ರಾಂನೊಳಗೆ ನೋವು ಹಿಡಿತಕ್ಕೆ ಬರುತ್ತದೆ, 1200ನ್ನು ಸಾಮಾನ್ಯವಾಗಿ ಮೀರುವುದಿಲ್ಲ. ಆದರೆ ಏರಿಸುವವರು ನೀವಲ್ಲ, ನಿಮ್ಮ ವೈದ್ಯರು. ಅದರಲ್ಲಿಯೂ ನಿಮ್ಮ ಅಮ್ಮನ ವಿಷಯದಲ್ಲಿ ಏರಿಸುವ ಮೊದಲು ಒಂದು ರಕ್ತಪರೀಕ್ಷೆ ಆಗಲೇಬೇಕು. ಅದೇಕೆಂಬುದನ್ನು ಮುಂದೆ ಹೇಳುತ್ತೇನೆ.

ಇನ್ನು ಚಿಕ್ಕಮ್ಮನವರ ಆಕ್ಷೇಪ. ಅವರು ಹೇಳಿದ್ದು ಸುಳ್ಳಲ್ಲ. ಈ ಔಷಧವನ್ನು ಸ್ವಿಟ್ಜರ್ಲೆಂಡಿನ ಗೈಗಿ ಕಂಪೆನಿಯಲ್ಲಿ ವಾಲ್ಟರ್ ಶಿಂಡ್ಲರ್ ಎಂಬ ರಸಾಯನಶಾಸ್ತ್ರಜ್ಞರು 1953ರಲ್ಲಿ ತಯಾರಿಸಿದರು, ಮತ್ತು ಇದು ಅಪಸ್ಮಾರಕ್ಕೆ, ಅಂದರೆ ಫಿಟ್ಸಿಗೆ, ಇಂದಿಗೂ ಕೊಡುವ ಔಷಧವೇ. ಆದರೆ ಸ್ವೀಡನ್ನಿನ ವೈದ್ಯ ಬ್ಲೋಮ್ ಅವರು ಮುಖದ ಈ ನೋವಿಗೆ ಇದು ಹಿಡಿಯುತ್ತದೆಂದು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದದ್ದು 1962ರಷ್ಟು ಹಿಂದೆ. ಅಮೆರಿಕದಲ್ಲಂತೂ ಈ ಔಷಧಕ್ಕೆ ಮೊತ್ತಮೊದಲಾಗಿ, 1968ರಲ್ಲಿ, ಪರವಾನಗಿ ದೊರೆತದ್ದು ಮುಖದ ನರಶೂಲೆಗೇ. ಅಪಸ್ಮಾರಕ್ಕೆ ದೊರೆತದ್ದು 1974ರಲ್ಲಿ. ಆದುದರಿಂದ ಇದು ಬೇರೆಯವರ ಕಾಯಿಲೆಯ ಗುಳಿಗೆಯನ್ನು ಎರವಲು ತಂದು ಕೊಟ್ಟದ್ದು ಎಂಬ ಅಳುಕು ಬೇಡ. ಇದನ್ನು ನುಂಗಿದವರಿಗೆ ಫಿಟ್ಸ್ ಅಂಟಿಕೊಳ್ಳುತ್ತದೆ ಎಂಬ ನಂಬಿಕೆಗಂತೂ ಬುಡವೇ ಇಲ್ಲ.

ನಿಮ್ಮ ಅಮ್ಮನ ಲಕ್ಷಣಗಳೆಲ್ಲ ಟ್ರೈಜೆಮಿನಲ್ ನ್ಯೂರಾಲ್ಜಿಯಾ ಎಂಬ ನರಶೂಲೆಯವು. ಮುಖದ ಸ್ಪರ್ಶಜ್ಞಾನವನ್ನು ಮಿದುಳಿಗೆ ಒಯ್ಯುವ ಐದನೆಯ ಕಪಾಲ ನರಕ್ಕೆ ಮೂರು ಕವಲುಗಳಿವೆ: ಹಣೆ ಮತ್ತು ಕಣ್ಣಿನ ಕಡೆಗೆ ಒಂದು, ಕೆನ್ನೆ ಮತ್ತು ಮೇಲ್ದವಡೆಗೆ ಒಂದು, ಕೆಳದವಡೆಗೆ ಇನ್ನೊಂದು. ಬಾಯಿ ಸೊಟ್ಟಗಾಗುವ ಕಾಯಿಲೆಯಲ್ಲಿ ಕೆಡುವುದು ಏಳನೆಯ ನರ. ಎರಡನ್ನೂ ನಮ್ಮಲ್ಲಿ ಮುಖದ ನರವೆಂದೇ ಕರೆಯುವುದರಿಂದ ಗೊಂದಲವಾಗುವುದುಂಟು. ಐದನೆಯ ನರವು ಮಿದುಳಕಾಂಡವನ್ನು ಸೇರುವ ಜಾಗದಲ್ಲಿ ಪಕ್ಕದ ರಕ್ತನಾಳವೊಂದು ಅದನ್ನು ಒತ್ತಿಕೊಂಡು ಮಿಡಿಯುತ್ತಿದ್ದರೆ, ವರ್ಷಗಳು ಕಳೆದಂತೆ ನರದ ಮೇಲಿನ ಕೊಬ್ಬಿನ ಹೊದಿಕೆ, ಹಳೆಯ ವಯರಿನ ರಬ್ಬರು ಸವೆದ ಹಾಗೆ, ಸವೆಯುತ್ತದೆ. ಆಗ ಹಲ್ಲುಜ್ಜಿದ ಸ್ಪರ್ಶವೂ ಗಾಳಿಯ ಸ್ಪರ್ಶವೂ ಪಕ್ಕದ ನೋವಿನ ತಂತುಗಳಿಗೆ ಹಾಯ್ದು ಒಮ್ಮೆಲೇ ಸಿಡಿಯುತ್ತದೆ. ಐವತ್ತು ದಾಟಿದವರಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ, ಎಡಕ್ಕಿಂತ ಬಲಗಡೆಯಲ್ಲಿ ಇದು ಹೆಚ್ಚು. ಹಲ್ಲಿನ ನೋವೆಂದು ಭಾವಿಸಿ ಒಳ್ಳೆಯ ಹಲ್ಲುಗಳನ್ನು ಕಳೆದುಕೊಂಡವರು ನಿಮ್ಮ ಅಮ್ಮನೊಬ್ಬರೇ ಅಲ್ಲ. ಈ ಕಾಯಿಲೆಯ ಚರಿತ್ರೆಯುದ್ದಕ್ಕೂ ನಡೆದುಬಂದ ಸಂಗತಿ ಅದು. ಹುಳುಕು ಹಲ್ಲಿನ ನೋವು ಗಂಟೆಗಟ್ಟಲೆ ಮಿಡಿಯುತ್ತದೆ, ರಾತ್ರಿ ನಿದ್ದೆಗೆಡಿಸುತ್ತದೆ. ಈ ನೋವು ಸೆಕೆಂಡುಗಳಲ್ಲಿ, ಹೆಚ್ಚೆಂದರೆ ಎರಡು ನಿಮಿಷದಲ್ಲಿ ಮುಗಿಯುತ್ತದೆ, ಮತ್ತು ನಿದ್ದೆಯಲ್ಲಿ ಬರುವುದು ಅಪರೂಪ. ಹಲ್ಲು ಕೀಳುವ ಮೊದಲು ಈ ಒಂದು ವ್ಯತ್ಯಾಸವನ್ನು ಕೇಳಿಕೊಳ್ಳುವ ವ್ಯವಧಾನ ಎಲ್ಲರಿಗೂ ಇದ್ದಿದ್ದರೆ ಎಷ್ಟೋ ದವಡೆಗಳು ಉಳಿಯುತ್ತಿದ್ದವು.

ಪ್ಯಾರಸಿಟಮಾಲ್‌ನಂಥ ಸಾಮಾನ್ಯ ನೋವಿನ ಗುಳಿಗೆಗಳು ಇಲ್ಲಿ ಕೆಲಸಕ್ಕೆ ಬಾರದಿರಲು ಕಾರಣವೂ ಈ ಸಿಡಿತವೇ. ಕಾರ್ಬಮಝೆಪಿನ್ ನರದ ಪೊರೆಯಲ್ಲಿರುವ ಸೋಡಿಯಂ ದ್ವಾರಗಳನ್ನು ಹಿಡಿದು, ಒಂದರ ಹಿಂದೊಂದರಂತೆ ವೇಗವಾಗಿ ಸಿಡಿಯುತ್ತಿರುವ ತಂತುಗಳನ್ನು ವಿಶೇಷವಾಗಿ ತಡೆಯುತ್ತದೆ. ಎಷ್ಟು ಪರಿಣಾಮಕಾರಿ ಎಂದು ಕೇಳಿದ್ದೀರಿ. 1960ರ ದಶಕದ ಹೋಲಿಕೆ ಪ್ರಯೋಗಗಳಲ್ಲಿ ಈ ಔಷಧ ಪಡೆದವರಲ್ಲಿ ನೂರಕ್ಕೆ 58ರಿಂದ 100ರಷ್ಟು ಮಂದಿಗೆ ಗುಣ ಕಂಡರೆ, ಔಷಧವಿಲ್ಲದ ಹುಸಿ ಗುಳಿಗೆ ಪಡೆದವರಲ್ಲಿ ಹಾಗೆ ಕಂಡದ್ದು 0ಯಿಂದ 40ರಷ್ಟು ಮಂದಿಗೆ. ಇಬ್ಬರಿಗೆ ಕೊಟ್ಟರೆ ಒಬ್ಬರಿಗೆ ಔಷಧದಿಂದಲೇ ಗುಣವಾಗುತ್ತದೆ ಎಂಬುದು ಇದರ ಸ್ಥೂಲ ಸಾರ. ನರಶೂಲೆಯ ಚಿಕಿತ್ಸೆಯಲ್ಲಿ ಇಷ್ಟು ಒಳ್ಳೆಯ ಲೆಕ್ಕ ಅಪರೂಪ. ಆ ಪ್ರಯೋಗಗಳು ಸಣ್ಣವು, ಅಲ್ಪಾವಧಿಯವು ಎಂಬುದು ನಿಜ. ಆದರೂ ಅರ್ಧ ಶತಮಾನದ ಅನುಭವ ಅವುಗಳ ಬೆನ್ನಿಗಿದೆ, ಮತ್ತು ಅಮೆರಿಕ ಹಾಗೂ ಯುರೋಪಿನ ನರವೈದ್ಯರ ಸಂಘಗಳು ಮೊದಲು ಕೊಡಬೇಕಾದ ಔಷಧವೆಂದು ಇಂದಿಗೂ ಸೂಚಿಸುವುದು ಇದನ್ನೂ ಇದರ ತಂಗಿಯಂತಿರುವ ಆಕ್ಸ್‌ಕಾರ್ಬಝೆಪಿನ್ನನ್ನೂ. ಕೆಲವೇ ದಿನಗಳಲ್ಲಿ ನಿಮ್ಮ ಅಮ್ಮನ ನೋವು ನಿಂತದ್ದು ರೋಗನಿರ್ಣಯ ಸರಿಯಾಗಿದೆ ಎಂಬುದಕ್ಕೂ ಒಂದು ಬೆಂಬಲ. ಆದರೆ ನೋವು ನಿಂತಿತೆಂದರೆ ಕಾಯಿಲೆ ಹೋಯಿತೆಂದಲ್ಲ. ರಕ್ತನಾಳ ಒತ್ತುತ್ತಲೇ ಇದೆ. ಗುಳಿಗೆ ಸಿಡಿತವನ್ನು ಮಾತ್ರ ತಡೆಯುತ್ತಿದೆ. ನೋವು ಬಂದಾಗ ಒಂದು ನುಂಗಿ, ಬಾರದಿದ್ದಾಗ ಬಿಡುವ ಕ್ರಮ ಇದಕ್ಕೆ ಸಲ್ಲದು. ತಿಂಗಳುಗಟ್ಟಲೆ ನೋವಿಲ್ಲದಿದ್ದರೆ ವೈದ್ಯರೇ ಮೆಲ್ಲಗೆ ಇಳಿಸಿ ನೋಡುತ್ತಾರೆ, ಏಕೆಂದರೆ ಈ ಕಾಯಿಲೆ ಕೆಲವೊಮ್ಮೆ ತಾನಾಗಿಯೇ ತಿಂಗಳುಗಳ, ವರ್ಷಗಳ ಬಿಡುವು ಕೊಡುತ್ತದೆ.

ಈಗ ತಲೆ ತಿರುಗುವ ವಿಚಾರ. ಆರಂಭದಲ್ಲಿ, ಮತ್ತು ಪ್ರತಿ ಬಾರಿ ಪ್ರಮಾಣ ಏರಿಸಿದಾಗ, ಮಂಪರು, ತಲೆಸುತ್ತು, ವಾಕರಿಕೆ ಬರುವುದು ಸಾಮಾನ್ಯ. ನಿಧಾನವಾಗಿ ಏರಿಸಿದರೆ ಹೆಚ್ಚಿನವರಿಗೆ ಒಗ್ಗುತ್ತದೆ. ಆದರೆ ವಯಸ್ಸಾದವರಲ್ಲಿ ಈ ಔಷಧ ರಕ್ತದ ಸೋಡಿಯಂ ಅಂಶವನ್ನು ತಗ್ಗಿಸುವುದುಂಟು, ಬಿಪಿಗೆಂದು ಮೂತ್ರ ಹೆಚ್ಚಿಸುವ ಔಷಧವನ್ನೂ ತೆಗೆದುಕೊಳ್ಳುವವರಲ್ಲಿ ಆ ಸಂಭವ ಇನ್ನಷ್ಟು. ಸೋಡಿಯಂ 135ಕ್ಕಿಂತ ಕೆಳಗೆ ಜಾರುತ್ತ ಹೋದರೆ ನಿಶ್ಶಕ್ತಿ, ತಲೆನೋವು, ನಡೆಯುವಾಗ ತೂರಾಟ, ಮಾತಿನಲ್ಲಿ ಗಲಿಬಿಲಿ ಕಾಣಬಹುದು. ಅದನ್ನು ಮನೆಯವರು ‘ಪ್ರಾಯವಾಯಿತಲ್ಲ’ ಎಂದು ತಳ್ಳಿಹಾಕುತ್ತಾರೆ. ಗಂಜಿಗೆ ಒಂದು ಚಿಟಿಕೆ ಉಪ್ಪು ಹೆಚ್ಚು ಹಾಕುವುದರಿಂದ ಇದು ಸರಿಹೋಗುವುದಿಲ್ಲ, ಏಕೆಂದರೆ ತೊಂದರೆ ಇರುವುದು ಉಪ್ಪಿನ ಕೊರತೆಯಲ್ಲಲ್ಲ, ದೇಹ ನೀರನ್ನು ಹಿಡಿದಿಟ್ಟುಕೊಳ್ಳುವುದರಲ್ಲಿ. ಬಿಪಿಗೂ ಆ ಉಪ್ಪು ಒಳ್ಳೆಯದಲ್ಲ. ಬದಿಯಡ್ಕದಲ್ಲೋ ಕಾಸರಗೋಡಿನಲ್ಲೋ ಯಾವುದಾದರೂ ಲ್ಯಾಬಿನಲ್ಲಿ ಸೋಡಿಯಂ, ರಕ್ತಕಣಗಳ ಎಣಿಕೆ, ಯಕೃತ್ತಿನ ಪರೀಕ್ಷೆ ಮಾಡಿಸಿ, ಆ ವರದಿಯನ್ನೂ ಬಿಪಿ ಗುಳಿಗೆಯ ಸ್ಟ್ರಿಪ್ಪನ್ನೂ ಹಿಡಿದುಕೊಂಡು ನಿಮ್ಮ ತಜ್ಞರನ್ನು ಕಾಣಿರಿ. ಬಿಪಿ ಗುಳಿಗೆಯನ್ನು ಬದಲಿಸಿಕೊಟ್ಟರೆ ಎಷ್ಟೋ ಬಾರಿ ಕಾರ್ಬಮಝೆಪಿನ್ನನ್ನು ನಿರಾತಂಕವಾಗಿ ಮುಂದುವರಿಸಬಹುದು.

ಮೈಯಲ್ಲಿ ಕೆಂಪು ದದ್ದು ಎದ್ದರೆ, ಬಾಯಲ್ಲಿ ಹುಣ್ಣಾದರೆ, ಕಣ್ಣು ಕೆಂಪಾಗಿ ಜ್ವರ ಬಂದರೆ ಮಾತ್ರ ಕಾಯಬಾರದು. ಮುಂದಿನ ಗುಳಿಗೆಯನ್ನು ನುಂಗದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಚರ್ಮವೇ ಸುಲಿದುಹೋಗುವಂಥ ಸ್ಟೀವನ್ಸ್–ಜಾನ್ಸನ್ ಎಂಬ ಪ್ರತಿಕ್ರಿಯೆ ಅಪರೂಪವಾದರೂ ಜೀವಕ್ಕೆ ಅಪಾಯ ತರುವಂಥದು, ಮತ್ತು ಬರುವುದಿದ್ದರೆ ಹೆಚ್ಚಾಗಿ ಮೊದಲ ಕೆಲವು ವಾರಗಳಲ್ಲಿ ಬರುತ್ತದೆ. ಎಚ್‌ಎಲ್‌ಎ-ಬಿ 1502 ಎಂಬ ವಂಶವಾಹಿ ಇರುವವರಲ್ಲಿ ಈ ಅಪಾಯ ಹೆಚ್ಚು. ಅದು ಏಷ್ಯಾದ ಜನರಲ್ಲಿ, ಭಾರತೀಯರಲ್ಲಿ ಕೂಡ, ಕಂಡುಬರುತ್ತದೆ. ಹೊಸದಾಗಿ ಆರಂಭಿಸುವವರು ಆ ಪರೀಕ್ಷೆಯ ಬಗ್ಗೆ ವೈದ್ಯರಲ್ಲಿ ಕೇಳಬಹುದು.

ಪತ್ರದಲ್ಲಿ ನೀವು ಬರೆಯದಿದ್ದರೂ ನಮ್ಮ ಊರಿನ ಹವೆಯನ್ನು ನೆನೆದು ಒಂದು ಮಾತನ್ನು ಸೇರಿಸಬೇಕಾಗಿದೆ. ಕಾರ್ಬಮಝೆಪಿನ್ ಗುಳಿಗೆ ತೇವ ಹೀರಿದರೆ ಗಟ್ಟಿಯಾಗುತ್ತದೆ, ಹೊಟ್ಟೆಯಲ್ಲಿ ಸರಿಯಾಗಿ ಕರಗುವುದಿಲ್ಲ, ಮೂರನೆಯ ಒಂದು ಪಾಲಿನಷ್ಟು ಪರಿಣಾಮವನ್ನೇ ಕಳೆದುಕೊಳ್ಳಬಹುದು. ಜೂನ್‌ನಿಂದ ಆಗಸ್ಟ್ ವರೆಗೆ ಉಪ್ಪಿನ ಭರಣಿಯೇ ನೀರಾಗುವ ನಮ್ಮ ಮನೆಗಳಲ್ಲಿ, ವಾರದ ಗುಳಿಗೆಗಳನ್ನೆಲ್ಲ ಸ್ಟ್ರಿಪ್ಪಿನಿಂದ ಬಿಡಿಸಿ ಡಬ್ಬಿಗೆ ಹಾಕಿಡುವ, ಬಚ್ಚಲಿನ ಕಿಟಕಿಯಲ್ಲೋ ಅಡುಗೆಮನೆಯ ಒಲೆಯ ಮೇಲಿನ ಹಲಗೆಯಲ್ಲೋ ಇಡುವ ಅಭ್ಯಾಸವನ್ನು ಈ ಔಷಧದ ಮಟ್ಟಿಗಾದರೂ ಬಿಡಬೇಕು. ನುಂಗುವ ಹೊತ್ತಿಗಷ್ಟೇ ಸ್ಟ್ರಿಪ್ಪನ್ನು ಒಡೆಯಿರಿ. ಅಂತೆಯೇ ಟೆಗ್ರಿಟಾಲ್, ಮ್ಯಾಝೆಟಾಲ್, ಝೆಪ್ಟಾಲ್ ಮೊದಲಾದ ಹಲವು ಹೆಸರುಗಳಲ್ಲಿ ಇದು ಸಿಗುತ್ತದೆ. ಮಂಗಳೂರಿನಲ್ಲಿ ಒಂದು, ಇಲ್ಲಿ ಇನ್ನೊಂದು ಎಂದು ಪ್ರತಿ ತಿಂಗಳೂ ಬದಲಿಸದೆ ಹಿಡಿಸಿದ ಒಂದರಲ್ಲೇ ಇರುವುದು ಮೇಲು. ಹೆಸರಿನ ಮುಂದೆ ‘ಸಿಆರ್’ ಎಂದಿದ್ದರೆ ಅದು ನಿಧಾನವಾಗಿ ಬಿಡುಗಡೆಯಾಗುವ ಗುಳಿಗೆ. ಜಗಿಯಲಾಗದೆಂದು ಅದನ್ನು ಪುಡಿಮಾಡಿ ಗಂಜಿಗೆ ಬೆರೆಸಬಾರದು.

ಪ್ರಶ್ನೆ: ನಾನು 58 ವರ್ಷದ ಅಡಿಕೆ ಕೃಷಿಕ. ಎಡ ಕೆಳದವಡೆಯ ನರಶೂಲೆಗೆ ಕೆಲವು ವರ್ಷಗಳಿಂದ ಕಾರ್ಬಮಝೆಪಿನ್ ಸೇವಿಸುತ್ತಿದ್ದು, ಈಗ ದಿನಕ್ಕೆ 1000 ಮಿಲಿಗ್ರಾಂ ಆಗಿದೆ. ಎಲೆಯಡಿಕೆ ಜಗಿದರೆ ಈಗಲೂ ಒಮ್ಮೊಮ್ಮೆ ನೋವು ಹೊಡೆಯುತ್ತದೆ. ಇತ್ತೀಚೆಗೆ ಗಂಟಲು ಕೆಟ್ಟು ಕ್ಲಾರಿತ್ರೋಮೈಸಿನ್ ತೆಗೆದುಕೊಂಡಾಗ ಒಂದು ವಸ್ತು ಎರಡಾಗಿ ಕಾಣತೊಡಗಿತು. ತೋಟಕ್ಕೆ ಹೋಗುವ ದಾರಿಯಲ್ಲಿ ತೋಡಿನ ಸಂಕ ದಾಟಲು ಕಾಲು ನಡುಗಿತು. ಗಂಟಲಿನ ಔಷಧ ಮುಗಿದ ಮೇಲೆ ಸರಿಯಾಯಿತು. ಗುಳಿಗೆ ನನ್ನ ಕಣ್ಣನ್ನು ಕೆಡಿಸುತ್ತಿದೆಯೇ? ಆಪರೇಶನ್ ಮಾಡಿಸುವುದೇ ಒಳ್ಳೆಯದೆಂದು ಮಗ ಹೇಳುತ್ತಾನೆ, ನನಗೆ ಧೈರ್ಯವಿಲ್ಲ.
(ಓದುಗ, ಮಂಜೇಶ್ವರ)

ಉತ್ತರ: ಕಣ್ಣು ಕೆಟ್ಟಿಲ್ಲ. ಕ್ಲಾರಿತ್ರೋಮೈಸಿನ್, ಎರಿತ್ರೋಮೈಸಿನ್ ಎಂಬ ಆ್ಯಂಟಿಬಯೋಟಿಕ್‌ಗಳು ಯಕೃತ್ತು ಕಾರ್ಬಮಝೆಪಿನ್ನನ್ನು ಕರಗಿಸುವ ಕೆಲಸವನ್ನು ತಡೆಯುತ್ತವೆ. ಆದುದರಿಂದ ನೀವು ನುಂಗಿದ್ದು ಅದೇ 1000 ಮಿಲಿಗ್ರಾಂ ಆದರೂ ರಕ್ತದಲ್ಲಿ ಅದು ಮಿತಿಮೀರಿ ಏರಿತು. ಎರಡಾಗಿ ಕಾಣುವುದು, ಕಾಲು ನಿಲ್ಲದಿರುವುದು ಅದರ ಸ್ಪಷ್ಟ ಕುರುಹುಗಳು. ಡಿಲ್ಟಿಯಾಝೆಮ್, ವೆರಪಮಿಲ್ ಎಂಬ ಹೃದಯದ ಔಷಧಗಳೂ ಹೀಗೆಯೇ ಏರಿಸುತ್ತವೆ. ತದ್ವಿರುದ್ಧವಾಗಿ, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್‌ನ ಶಕ್ತಿಯನ್ನು ಕಾರ್ಬಮಝೆಪಿನ್ ಕುಗ್ಗಿಸುತ್ತದೆ. ಯಾವ ವೈದ್ಯರಲ್ಲಿಗೆ ಹೋದರೂ, ಬರೇ ಶೀತ ಜ್ವರಕ್ಕೆ ಹೋದರೂ, ಈ ಗುಳಿಗೆಯ ಹೆಸರನ್ನು ಮೊದಲು ಹೇಳಿರಿ. ನೀವು ಗಂಟಲಿನ ಔಷಧವನ್ನು ಅಂಗಡಿಯಿಂದ ನೇರ ತಂದಿರೋ, ವೈದ್ಯರ ಚೀಟಿಯಿಂದಲೋ ಎಂದು ಬರೆದಿಲ್ಲ. ಮೊದಲನೆಯದಾದರೆ ಆ ಅಭ್ಯಾಸಕ್ಕೆ ಇಲ್ಲಿಗೇ ಮುಕ್ತಾಯ ಹಾಡಬೇಕು.

ಎಲೆಯಡಿಕೆಯನ್ನು ನಾನು ಬಿಡಿರೆಂದರೆ ನೀವು ಬಿಡುವಿರೆಂಬ ಭ್ರಮೆ ನನಗಿಲ್ಲ. ಆದರೆ ನೋವೆಬ್ಬಿಸುವ ಜಗಿತವನ್ನು ದಿನಕ್ಕೆ ಹತ್ತಾರು ಬಾರಿ ಮಾಡುತ್ತ, ಅದನ್ನು ತಡೆಯಲು ಗುಳಿಗೆ ಏರಿಸುತ್ತ ಹೋಗುವುದು ನಷ್ಟದ ವ್ಯವಹಾರ. ಬಾಯಿಯ ಕ್ಯಾನ್ಸರಿನ ಮಾತು ಬೇರೆಯೇ ಇದೆ.

ಆಪರೇಶನ್ನಿನ ವಿಚಾರದಲ್ಲಿ ನಿಮ್ಮ ಮಗ ಹೇಳುವುದರಲ್ಲಿ ಹುರುಳಿದೆ. ಔಷಧದ ಪ್ರಯೋಜನ ವರ್ಷಗಳು ಕಳೆದಂತೆ ಕೆಲವರಲ್ಲಿ ತಗ್ಗುತ್ತದೆ. ಸಾವಿರ ಮಿಲಿಗ್ರಾಂ ಮುಟ್ಟಿಯೂ ನೋವು ನುಸುಳುತ್ತಿದ್ದರೆ ನರಶಸ್ತ್ರಚಿಕಿತ್ಸಕರನ್ನು ಒಮ್ಮೆ ಕಾಣುವ ಹೊತ್ತು ಬಂದಿದೆ ಎಂದೇ ಅರ್ಥ. ಕಂಡಕೂಡಲೇ ಕತ್ತಿ ಹಿಡಿಯುವುದಿಲ್ಲ. ಅದಕ್ಕೂ ಮೊದಲು ಆಕ್ಸ್‌ಕಾರ್ಬಝೆಪಿನ್‌ಗೆ ಬದಲಿಸಿ ನೋಡಬಹುದು, ಅಥವಾ ಬ್ಯಾಕ್ಲೊಫೆನ್, ಲ್ಯಾಮೊಟ್ರಿಜಿನ್, ಗ್ಯಾಬಪೆಂಟಿನ್‌ಗಳಲ್ಲಿ ಒಂದನ್ನು ಜೊತೆಗೆ ಕೊಟ್ಟು ಕಾರ್ಬಮಝೆಪಿನ್ ಇಳಿಸಬಹುದು. ಮೈಕ್ರೊವ್ಯಾಸ್ಕ್ಯುಲರ್ ಡಿಕಂಪ್ರೆಶನ್ ಎಂಬ ಶಸ್ತ್ರಕ್ರಿಯೆಯಲ್ಲಿ ಕಿವಿಯ ಹಿಂದೆ ಸಣ್ಣ ಕಿಂಡಿ ತೆರೆದು, ನರವನ್ನು ಒತ್ತುವ ರಕ್ತನಾಳವನ್ನು ಬಿಡಿಸಿ, ನಡುವೆ ಟೆಫ್ಲಾನಿನ ತುಣುಕೊಂದನ್ನು ಇಡುತ್ತಾರೆ. ಇದನ್ನು ರೂಢಿಗೆ ತಂದ ಪೀಟರ್ ಜನೆಟ್ಟಾ ಅವರ ತಂಡ 1996ರಲ್ಲಿ ಪ್ರಕಟಿಸಿದ, 1185 ರೋಗಿಗಳನ್ನು ಒಳಗೊಂಡ ವರದಿಯ ಪ್ರಕಾರ ಹತ್ತು ವರ್ಷಗಳ ಅನಂತರವೂ ನೂರಕ್ಕೆ 70ರಷ್ಟು ಮಂದಿ ಗುಳಿಗೆಯಿಲ್ಲದೆ ನೋವಿಲ್ಲದೆ ಇದ್ದರು. ಮಿದುಳಿನ ಬಳಿಯ ಶಸ್ತ್ರಕ್ರಿಯೆಯಾದುದರಿಂದ ಅಪಾಯ ಇಲ್ಲವೆನ್ನುವಂತಿಲ್ಲ. ಕೆಲವರಿಗೆ ಆ ಬದಿಯ ಕಿವಿ ಕೇಳಿಸದಾಗುವುದುಂಟು. ಹೃದಯ, ಶ್ವಾಸಕೋಶ ಚೆನ್ನಾಗಿಲ್ಲದವರಿಗೆ ಕೆನ್ನೆಯ ಮೂಲಕ ಸೂಜಿ ತೂರಿಸಿ ನರದ ಬುಡವನ್ನು ಕಾಯಿಸುವ, ಇಲ್ಲವೇ ಸಣ್ಣ ಬಲೂನಿನಿಂದ ಒತ್ತುವ ವಿಧಾನಗಳಿವೆ. ಗಾಮಾ ನೈಫ್ ಎಂಬ ವಿಕಿರಣ ಚಿಕಿತ್ಸೆಯೂ ಇದೆ, ಅದರ ಫಲ ಕಾಣಲು ವಾರಗಳು, ತಿಂಗಳುಗಳು ಬೇಕು. ಇವುಗಳಲ್ಲಿ ಮುಖ ಮರಗಟ್ಟುವುದು ಮತ್ತು ನೋವು ಮರುಕಳಿಸುವುದು ಹೆಚ್ಚು. ನಿಮ್ಮ ಪ್ರಾಯಕ್ಕೆ, ಬೇರೆ ಕಾಯಿಲೆಗಳಿಲ್ಲದಿದ್ದರೆ, ಮೊದಲನೆಯದನ್ನು ಕುರಿತು ಕೇಳಿ ತಿಳಿಯಲು ಅಳುಕಬೇಡಿ.

ಪ್ರಶ್ನೆ: ನನಗೆ 31 ವರ್ಷ, ಒಂದು ಮಗುವಿದೆ. ಇದೇ ಕಾಯಿಲೆಯೆಂದು ಹೇಳಿ ಇದೇ ಗುಳಿಗೆ ಕೊಟ್ಟಿದ್ದಾರೆ, ನೋವು ಕಡಿಮೆಯಾಗಿದೆ. ಸ್ಕ್ಯಾನಿಂಗ್ ಏನೂ ಮಾಡಿಸಿಲ್ಲ. ಕೆಲವೊಮ್ಮೆ ಆ ಕೆನ್ನೆ ಜೋಮು ಹಿಡಿದಂತಿರುತ್ತದೆ. ಮುಂದಿನ ವರ್ಷ ಇನ್ನೊಂದು ಮಗು ಬೇಕೆಂದಿದ್ದೇವೆ; ಅಲ್ಲಿಯ ತನಕ ಗರ್ಭನಿರೋಧಕ ಗುಳಿಗೆ ನುಂಗುತ್ತಿದ್ದೇನೆ.
(ಓದುಗರು, ತಾಳವಾಡಿ, ಈರೋಡು ಜಿಲ್ಲೆ)

ಉತ್ತರ: ನೋವು ಕಡಿಮೆಯಾಯಿತೆಂದು ಸ್ಕ್ಯಾನಿಂಗನ್ನು ಬಿಡಬೇಡಿ. ಇಷ್ಟು ಎಳೆಯ ವಯಸ್ಸು, ಜೊತೆಗೆ ಕೆನ್ನೆಯ ಜೋಮು, ಇವೆರಡೂ ಇದ್ದಾಗ ನರದ ಹೊದಿಕೆಯನ್ನು ಕೆಡಿಸುವ ಮಲ್ಟಿಪಲ್ ಸ್ಕ್ಲೀರೋಸಿಸ್ ಅಥವಾ ನರದ ಬಳಿಯ ಗಡ್ಡೆ ಇಲ್ಲವೆಂದು ಎಂಆರ್‌ಐಯಿಂದ ಖಚಿತಪಡಿಸಿಕೊಳ್ಳಲೇಬೇಕು. ಅಂಥ ಕಾರಣಗಳಿದ್ದರೂ ಕಾರ್ಬಮಝೆಪಿನ್ ನೋವನ್ನು ತಗ್ಗಿಸಬಲ್ಲದು, ಆದುದರಿಂದ ಗುಣ ಕಂಡದ್ದು ಅವು ಇಲ್ಲವೆಂಬುದಕ್ಕೆ ಸಾಕ್ಷಿಯಲ್ಲ. ಇನ್ನೊಂದು ತುರ್ತಿನ ಸಂಗತಿ: ಈ ಔಷಧ ಗರ್ಭನಿರೋಧಕ ಗುಳಿಗೆಯ ಬಲವನ್ನು ಕುಗ್ಗಿಸುತ್ತದೆ, ಹಾಗಾಗಿ ನಿಮಗೆ ಈಗ ಇರುವ ರಕ್ಷಣೆ ನೀವೆಣಿಸಿದಷ್ಟಿಲ್ಲ. ಗರ್ಭದ ಮೊದಲ ವಾರಗಳಲ್ಲಿ ಕಾರ್ಬಮಝೆಪಿನ್ ಸೇವಿಸಿದರೆ ಶಿಶುವಿನ ಬೆನ್ನುಹುರಿ ಸರಿಯಾಗಿ ಮುಚ್ಚಿಕೊಳ್ಳದಿರುವ ಸಂಭವ ಸ್ವಲ್ಪ ಹೆಚ್ಚುತ್ತದೆ. ಗರ್ಭ ನಿಂತ ಮೇಲೆ ಹೇಳುವುದಲ್ಲ; ಈಗಲೇ ನರರೋಗ ತಜ್ಞರನ್ನೂ ಸ್ತ್ರೀರೋಗ ತಜ್ಞರನ್ನೂ ಕಂಡು, ಬೇರೆ ಗರ್ಭನಿರೋಧಕ ವಿಧಾನ, ಫೋಲಿಕ್ ಆಮ್ಲದ ಪ್ರಮಾಣ, ಔಷಧವನ್ನು ಇಳಿಸುವ ಅಥವಾ ಬದಲಿಸುವ ಸಾಧ್ಯತೆ, ಈ ಮೂರನ್ನೂ ತೀರ್ಮಾನಿಸಿರಿ. ಅವರನ್ನು ಕೇಳದೆ ನೀವಾಗಿ ಒಮ್ಮೆಲೇ ನಿಲ್ಲಿಸುವುದು ಬೇಡ.

ಪ್ರಶ್ನೆ: ತಂದೆಯವರಿಗೆ ಹಣೆ ಮತ್ತು ಎಡಗಣ್ಣಿನ ಸುತ್ತ ಸರ್ಪಸುತ್ತು ಆಗಿ ಗುಳ್ಳೆಗಳು ಒಣಗಿ ನಾಲ್ಕು ತಿಂಗಳಾದರೂ ಅಲ್ಲಿ ಉರಿ ಹೋಗಿಲ್ಲ, ಹಗಲೂ ರಾತ್ರಿಯೂ ಇದೆ. ಪಕ್ಕದ ಮನೆಯವರಿಗೆ ಮುಖದ ನರನೋವಿಗೆ ಕಾರ್ಬಮಝೆಪಿನ್‌ನಿಂದ ಗುಣವಾಗಿದೆ. ಅದನ್ನೇ ಕೊಡಬಹುದೇ?
(ಓದುಗರು, ಅಕ್ಕಲಕೋಟೆ, ಸೊಲ್ಲಾಪುರ ಜಿಲ್ಲೆ)

ಉತ್ತರ: ಕೊಡಬೇಡಿ. ನರ ಅದೇ ಆದರೂ ಕಾಯಿಲೆ ಅದಲ್ಲ. ಸರ್ಪಸುತ್ತಿನ ವೈರಸ್ಸಿನಿಂದ ನರಕ್ಕೆ ಗಾಯವಾಗಿ ಉಳಿದ ಸತತ ಉರಿಯಿದು. ಇದಕ್ಕೆ ಅಮಿಟ್ರಿಪ್ಟಿಲಿನ್, ಗ್ಯಾಬಪೆಂಟಿನ್, ಪ್ರಿಗಬಾಲಿನ್ ಇವುಗಳಲ್ಲಿ ಒಂದನ್ನು ಸಣ್ಣ ಪ್ರಮಾಣದಿಂದ ಆರಂಭಿಸುವುದು ಕ್ರಮ, ಮತ್ತು ಯಾವುದನ್ನು ಕೊಡಬೇಕೆಂಬುದು ತಂದೆಯವರ ಹೃದಯ, ಮೂತ್ರಪಿಂಡ, ಪ್ರಾಸ್ಟೇಟ್‌ಗಳ ಸ್ಥಿತಿಯನ್ನು ನೋಡಿ ತೀರ್ಮಾನವಾಗಬೇಕು. ಹಣೆಯ ಕವಲಿಗೆ ಸರ್ಪಸುತ್ತು ಬಂದವರಲ್ಲಿ ಕಣ್ಣಿನ ಕರಿಗುಡ್ಡೆಗೂ ತೊಂದರೆ ತಟ್ಟಿರಬಹುದಾದ್ದರಿಂದ, ನೋವಿನ ಔಷಧಕ್ಕೆ ಹೋಗುವ ದಿನವೇ ಕಣ್ಣಿನ ತಜ್ಞರಲ್ಲಿಯೂ ತೋರಿಸಿರಿ.